ನಮಟ್ಜೀರಾ ಜಲವರ್ಣ: ಬಿಳಿ ಮರದ ಕಾಂಡ ಹೊಳೆಯುವಂತೆ ಮಾಡುವುದು ಹೇಗೆ? ಜೊತೆಗೆ ಎರಡು ಸಂಶಯ

ಕೆರೆಏರಿ:

ಎಲ್ಲರಿಗೂ ನಮಸ್ಕಾರ. ನಮ್ಮ ಕಲಾಸಂಘದ ವಾರ್ಷಿಕ ಸಂಚಿಕೆಗೆ ಆಸ್ಟ್ರೇಲಿಯಾದ ಮೂಲನಿವಾಸಿ ಚಿತ್ರಕಾರ ಆಲ್ಬರ್ಟ್ ನಮಟ್ಜೀರಾ (1902–1959) ಬಗ್ಗೆ ಎರಡು ಪುಟದ ಟಿಪ್ಪಣಿ ಬರೆಯಬೇಕು. ಅದರ ಜೊತೆ ಅವರ ರೀತಿಯಲ್ಲಿ ಒಂದು ನಿಸರ್ಗ ಚಿತ್ರ ಮಾಡಿ ತೋರಿಸುವ ಪ್ರಾತ್ಯಕ್ಷಿಕೆಯೂ ಇದೆ. ಕೆಲವು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ತಿಳಿದವರು ಬಿಡಿಸಿ.

ಮೊದಲನೆಯದು ಕೈಕೆಲಸದ ಪ್ರಶ್ನೆ. ಅವರ ಚಿತ್ರಗಳಲ್ಲಿ ಮುಂದೆ ನಿಲ್ಲುವ ಘೋಸ್ಟ್ ಗಮ್ ಮರ, ಅಂದರೆ ನಮ್ಮ ನೀಲಗಿರಿಯ ದಾಯಾದಿ, ಬಿಳಿ ತೊಗಟೆಯದು, ಒಳಗೆ ದೀಪ ಇಟ್ಟ ಹಾಗೆ ಹೊಳೆಯುತ್ತದೆ. ನಾನು ಪೋಸ್ಟರ್ ವೈಟ್ ಹಚ್ಚಿದರೆ ಸುಣ್ಣ ಬಳಿದ ಕಂಬದ ಹಾಗೆ ಕಾಣುತ್ತದೆ. ಹಿಂದಿನ ನೇರಳೆ ಬೆಟ್ಟವೋ, ಪ್ರತಿ ಸಲ ಕೆಸರು.

ಎರಡನೆಯದು, ಅವರನ್ನು ‘ಸ್ವಯಂಕಲಿತ’ ಅನ್ನಬಹುದೆ? ಕೆಲವು ಕಡೆ ಗುರುವಿದ್ದರು ಎಂದಿದೆ. ‘ಪೌರತ್ವ ಪಡೆದ ಮೊದಲ ಮೂಲನಿವಾಸಿ’ ಎಂದೂ ಓದಿದೆ. ಅದು ಸರಿಯೆ?

ಮೂರನೆಯದು, ಸಂಚಿಕೆಯಲ್ಲಿ ಅವರ ಒಂದು ಚಿತ್ರ ಅಚ್ಚು ಹಾಕಲು ಯಾರ ಅನುಮತಿ ಬೇಕು?

—

ದಕ್ಷಿಣಗೋಳ:

ಎರಡನೆಯ ಪ್ರಶ್ನೆಯ ಮೊದಲರ್ಧ ನಾನು ತೆಗೆದುಕೊಳ್ಳುತ್ತೇನೆ. ಬಣ್ಣದ ವಿಷಯ ‘ನೀರುಬಣ್ಣ’ ಅವರಿಗೇ ಬಿಟ್ಟೆ.

ನಮಟ್ಜೀರಾ ಹುಟ್ಟಿದ್ದು 1902ರ ಜುಲೈ 28ರಂದು, ಆಸ್ಟ್ರೇಲಿಯಾದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್‌ನ ಪಶ್ಚಿಮಕ್ಕೆ ಸುಮಾರು 125 ಕಿ.ಮೀ. ದೂರದ ಹರ್ಮನ್ಸ್‌ಬರ್ಗ್ ಲೂಥರನ್ ಮಿಷನ್‌ನಲ್ಲಿ. ಊರಿನ ಮೂಲ ಹೆಸರು ನ್ಟಾರಿಯಾ. ಪಕ್ಕದಲ್ಲೇ ಫಿಂಕ್ ನದಿ. ವರ್ಷದ ಹೆಚ್ಚಿನ ದಿನ ಅದು ಬರೀ ಮರಳು, ಅಲ್ಲಲ್ಲಿ ಮಡು. ಅವರು ಪಶ್ಚಿಮ ಅರಂಡ ಜನಾಂಗದವರು. ಹುಟ್ಟಿದಾಗ ಇಟ್ಟ ಹೆಸರು ಎಲಿಯಾ. ತಂದೆತಾಯಿ ಕ್ರೈಸ್ತರಾದಾಗ, 1905ರಲ್ಲಿ, ಮಗು ಆಲ್ಬರ್ಟ್ ಆಯಿತು. ‘ನಮಟ್ಜೀರಾ’ ತಂದೆಯ ಹೆಸರು. ಹುಡುಗ ಓದಿದ್ದು ಮಿಷನ್ ಶಾಲೆಯಲ್ಲಿ; 13ರ ಆಸುಪಾಸಿನಲ್ಲಿ ಹಿರಿಯರು ಕಾಡಿಗೆ ಕರೆದೊಯ್ದು ಕುಲದ ದೀಕ್ಷೆಯನ್ನೂ ಕೊಟ್ಟರು. ಎರಡೂ ಕಡೆಯ ಪಾಠ ಆಯಿತು. ಟಿಪ್ಪಣಿಯಲ್ಲಿ ಒಂದನ್ನೇ ಬರೆದು ಇನ್ನೊಂದನ್ನು ಬಿಡಬೇಡಿ.

ಮುಂದೆ ಬಡಗಿ, ಕಮ್ಮಾರ, ದನಗಾಹಿ, ಒಂಟೆ ಹೊಡೆಯುವವರು, ಎಲ್ಲ ಆದರು. ಹೊಟ್ಟೆಪಾಡಿಗೆ ಮುಲ್ಗಾ ಮರದ ಹಲಗೆ, ಬೂಮರಾಂಗ್‌ಗಳ ಮೇಲೆ ಕಾದ ತಂತಿಯಿಂದ ಸುಟ್ಟು ಚಿತ್ರ ಬರೆದು ಮಿಷನ್ ಮೂಲಕ ಮಾರುತ್ತಿದ್ದರು. ಇದನ್ನು ಯಾರೂ ಗಮನಿಸುವುದಿಲ್ಲ ಅನ್ನುವುದು ನನ್ನ ದೂರು. ಕಾದ ತಂತಿ ಮರಕ್ಕೆ ತಾಗಿದ ಮೇಲೆ ಅಳಿಸುವ ಮಾತಿಲ್ಲ. ಗೆರೆ ಎಲ್ಲಿ ಶುರು, ಎಲ್ಲಿ ನಿಲ್ಲಬೇಕು ಅನ್ನುವುದು ಮೊದಲೇ ತಲೆಯಲ್ಲಿರಬೇಕು. ಜಲವರ್ಣದ ಶಿಸ್ತೂ ಅದೇ ಅಲ್ಲವೆ?

1932ರಲ್ಲಿ ರೆಕ್ಸ್ ಬ್ಯಾಟರ್ಬೀ ಎಂಬ ವಿಕ್ಟೋರಿಯಾದ ಚಿತ್ರಕಾರ ಆ ಕಡೆ ಬಂದ. 1934ರಲ್ಲಿ ಆತ ಮತ್ತು ಗೆಳೆಯ ಜಾನ್ ಗಾರ್ಡ್ನರ್ ತಾವು ಬರೆದ ಚಿತ್ರಗಳನ್ನು ಮಿಷನ್‌ನಲ್ಲೇ ತೂಗುಹಾಕಿದರು. ತಮ್ಮ ನೆಲ ಹೀಗೂ ಕಾಗದದ ಮೇಲೆ ಬರುತ್ತದೆ ಎಂದು ಅಲ್ಲಿಯವರು ಕಂಡದ್ದು ಆಗ. 1936ರಲ್ಲಿ ಬ್ಯಾಟರ್ಬೀ ಮತ್ತೆ ಬಂದಾಗ ಒಪ್ಪಂದ ಸರಳವಾಗಿತ್ತು: ನಮಟ್ಜೀರಾ ಒಂಟೆ ನೋಡಿಕೊಂಡು ದಾರಿ ತೋರಿಸುವುದು, ಆತ ಬಣ್ಣ ಕಲಿಸುವುದು. ಒಂದೊಂದು ತಿಂಗಳಿನ ಎರಡು ಪ್ರವಾಸ, ಒಂದು ಪಾಮ್ ವ್ಯಾಲಿ ಕಡೆಗೆ, ಇನ್ನೊಂದು ಮ್ಯಾಕ್‌ಡೊನೆಲ್ ಬೆಟ್ಟಸಾಲಿಗೆ. ಕ್ರಮವಾದ ಪಾಠ ಅಂದರೆ ಅಷ್ಟೇ, ಎರಡು ತಿಂಗಳು. ಕಲಿಸಿದವನೂ ಕಲಾಶಾಲೆಯ ಘನ ಪದವೀಧರನಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದು ಜಾಹೀರಾತು ಚಿತ್ರಕಲೆ ಕಲಿತವನು.

1937ರಲ್ಲಿ ಅಡಿಲೇಡ್‌ನಲ್ಲಿ ಬ್ಯಾಟರ್ಬೀ ತನ್ನ ಪ್ರದರ್ಶನದಲ್ಲೇ ನಮಟ್ಜೀರಾರ 3 ಚಿತ್ರ ಸೇರಿಸಿದ. 1938ರಲ್ಲಿ ಮೆಲ್ಬರ್ನ್‌ನಲ್ಲಿ ಸ್ವಂತ ಪ್ರದರ್ಶನ. ಇಟ್ಟಿದ್ದ 41 ಚಿತ್ರಗಳೂ ಮೂರು ದಿನದಲ್ಲಿ ಖಾಲಿ. ಮರುವರ್ಷ ದಕ್ಷಿಣ ಆಸ್ಟ್ರೇಲಿಯಾದ ಕಲಾ ಗ್ಯಾಲರಿ ಹಾಸ್ಟ್ಸ್ ಬ್ಲಫ್ ಬೆಟ್ಟದ ಒಂದು ಚಿತ್ರ ಕೊಂಡಿತು.

ಹಾಗಾಗಿ ‘ಯಾರ ಬಳಿಯೂ ಕಲಿಯದ’ ಎಂದು ಬರೆದರೆ ತಪ್ಪು. ‘ಬ್ಯಾಟರ್ಬೀಯ ಶಿಷ್ಯ’ ಎಂದಷ್ಟೇ ಬರೆದು ಕೈ ತೊಳೆದುಕೊಂಡರೂ ತಪ್ಪು. ‘ಎರಡು ತಿಂಗಳ ಪಾಠ, ಉಳಿದದ್ದು ಸ್ವಂತ ದುಡಿಮೆ’ ಅಂದರೆ ಸರಿಹೋಗುತ್ತದೆ. ಮುಂದೆ ಅವರ ಮಕ್ಕಳು ಈನಾಸ್, ಆಸ್ಕರ್, ಇವಾಲ್ಡ್, ಕೀತ್, ಮಾರಿಸ್, ಮತ್ತು ಪರೆರೌಲ್ಟ್ಜಾ ಸಹೋದರರು ಕಲಿತದ್ದೂ ಪಕ್ಕದಲ್ಲಿ ಕೂತು ನೋಡಿಯೇ. ಅದನ್ನೇ ಈಗ ಹರ್ಮನ್ಸ್‌ಬರ್ಗ್ ಪಂಥ ಅನ್ನುತ್ತಾರೆ.

—

ನೀರುಬಣ್ಣ:

ಕೆರೆಏರಿ ಅವರೇ, ಮೊದಲು ಆ ಪೋಸ್ಟರ್ ವೈಟ್ ಡಬ್ಬಿ ಮುಚ್ಚಿಡಿ. ಆ ಕಾಂಡದಲ್ಲಿರುವ ಬಿಳಿ ಬಣ್ಣವಲ್ಲ, ಕಾಗದ. ಸುತ್ತಲಿನದನ್ನು ಬರೆದು ಮರವನ್ನು ಬಿಡುವುದು. ಬಿಳಿ ಬಣ್ಣ ಅಪಾರದರ್ಶಕ, ಬೆಳಕು ಮೇಲೇ ನಿಂತುಬಿಡುತ್ತದೆ. ತೆಳು ವಾಷ್‌ನಲ್ಲಾದರೆ, ಅಂದರೆ ನೀರು ಬೆರೆಸಿದ ತೆಳು ಬಣ್ಣದ ಪದರದಲ್ಲಾದರೆ, ಬೆಳಕು ಬಣ್ಣ ದಾಟಿ ಕಾಗದಕ್ಕೆ ಬಡಿದು ವಾಪಸ್ ಬರುತ್ತದೆ. ಒಂದೇ ಚಿತ್ರದಲ್ಲಿ ಎರಡನ್ನೂ ಬೆರೆಸಿದರೆ ಸುಣ್ಣದ ಕಂಬವೇ ಗತಿ.

25 × 35 ಸೆಂ.ಮೀ. ಕಾಗದಕ್ಕೆ ಲೆಕ್ಕ ಹೇಳುತ್ತೇನೆ. ಅವರ ಅನೇಕ ಚಿತ್ರಗಳೂ ಹೆಚ್ಚುಕಡಿಮೆ ಈ ಅಳತೆಯವೇ.

ಕಾಗದ 300 ಜಿಎಸ್‌ಎಂ (ಚದರ ಮೀಟರ್‌ಗೆ 300 ಗ್ರಾಂ ತೂಕ), ಕೋಲ್ಡ್ ಪ್ರೆಸ್ (ಮೇಲ್ಮೈ ತುಸು ತರಿತರಿ), ಸಾಧ್ಯವಾದರೆ ಹತ್ತಿಯದು. ತೆಳು ಕಾರ್ಟ್ರಿಜ್ ಶೀಟ್ ಬೇಡ. ಎರಡನೇ ವಾಷ್‌ಗೇ ಉಬ್ಬಿ ಹಳ್ಳದಲ್ಲಿ ನೀರು ನಿಲ್ಲುತ್ತದೆ, ಮೂರನೆಯದಕ್ಕೆ ಮೇಲ್ಪದರ ನಾರುನಾರಾಗಿ ಏಳುತ್ತದೆ. ನಾಲ್ಕೂ ಅಂಚಿಗೆ ಟೇಪ್ ಹಾಕಿ ಹಲಗೆಗೆ ಅಂಟಿಸಿ, ಮೇಲಿನ ತುದಿಗೆ ಒಂದು ಪುಸ್ತಕ ಕೊಟ್ಟು ಸ್ವಲ್ಪ ಓರೆ ಮಾಡಿ.

ಬಣ್ಣ ಆರೇ ಸಾಕು: ಕೋಬಾಲ್ಟ್ ಬ್ಲೂ, ಅಲ್ಟ್ರಾಮರೀನ್, ಕ್ವಿನಾಕ್ರಿಡೋನ್ ರೋಸ್, ಲೈಟ್ ರೆಡ್, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್. ಇದು ಇವತ್ತಿನ ಅಂಗಡಿಯಲ್ಲಿ ಸಿಗುವುದನ್ನು ನೋಡಿ ಮಾಡಿದ ಪಟ್ಟಿ, ನಮಟ್ಜೀರಾರ ಪೆಟ್ಟಿಗೆಯ ಪಟ್ಟಿ ಎಂದು ಸಂಚಿಕೆಯಲ್ಲಿ ಬರೆಯಬೇಡಿ.

ಪೆನ್ಸಿಲ್ ಎಚ್‌ಬಿ, ಹಗುರ ಕೈ. ಕಾಂಡದ ಎರಡೂ ಅಂಚು ಎಳೆಯಿರಿ. ಬುಡದಲ್ಲಿ 2 ಸೆಂ.ಮೀ. ಅಗಲವಿದ್ದರೆ ಕವಲಿನ ಹತ್ತಿರ 1.2ಕ್ಕೆ ಇಳಿಯಲಿ. ನೆಟ್ಟಗೆ ಎಳೆಯಬೇಡಿ. ಕೊಂಬೆ ಮುರಿದು ಬಿದ್ದ ಕಡೆ ಗಂಟು, ಅದರ ಕೆಳಗೆ ಸೊಂಟದ ಮಡಿಕೆಯಂಥ ಸುಕ್ಕು. ನಮಟ್ಜೀರಾ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ, ಮರ ಒಂದು ಜಾತಿಯಾಗಿ ಕಾಣುವುದಿಲ್ಲ, ಒಬ್ಬೊಬ್ಬ ಆಳಾಗಿ ಕಾಣುತ್ತದೆ. ಎಷ್ಟೋ ಚಿತ್ರಗಳಲ್ಲಿ ಮರ ಒಂದು ಪಕ್ಕಕ್ಕೆ ನಿಂತಿರುತ್ತದೆ, ತಲೆ ಚೌಕಟ್ಟಿನಾಚೆ ಹೋಗಿರುತ್ತದೆ. ಹಾಗೆ ಕತ್ತರಿಸಿದ್ದರಿಂದಲೇ ಮರ ನಮ್ಮ ಹತ್ತಿರ, ಬೆಟ್ಟ ದೂರ.

ಆಕಾಶ: ಕೋಬಾಲ್ಟ್ ಒಂದೇ ಬಟ್ಟಲಿನಲ್ಲಿ ಎರಡು ದೊಡ್ಡ ಚಮಚ, ಅಂದರೆ 30 ಮಿ.ಲೀ. ಕಲಸಿಟ್ಟುಕೊಳ್ಳಿ. ಕಾಂಡ ನಡುವೆ ಬರುವುದರಿಂದ ಎಡ, ಬಲ ಎರಡು ತುಂಡಾಗಿ ಬಳಿಯಬೇಕಾಗುತ್ತದೆ. ಬಟ್ಟಲು ನಡುವೆ ಖಾಲಿಯಾಗಿ ಮತ್ತೆ ಕಲಸಿದರೆ ಎರಡೂ ಪಕ್ಕ ಬೇರೆಬೇರೆ ಊರಿನ ಆಕಾಶ ಆಗುತ್ತದೆ. 10 ಅಥವಾ 12ನೇ ನಂಬರ್ ರೌಂಡ್ ಬ್ರಷ್, ಮೇಲೆ ದಟ್ಟ, ಬೆಟ್ಟದ ನೆತ್ತಿಗೆ ಬರುವಾಗ ನೀರು ಸೇರಿಸಿ ತೆಳು. ಕಾಂಡದ ಗೆರೆಗೆ ಬ್ರಷ್‌ನ ತುದಿ ಮಾತ್ರ ತಾಗಬೇಕು. ಅರ್ಧ ಒಣಗಿದ ಮೇಲೆ ‘ಸ್ವಲ್ಪ ಸರಿಮಾಡೋಣ’ ಎಂದು ಒದ್ದೆ ಬ್ರಷ್ ಇಟ್ಟಿರೋ, ಹೂಕೋಸಿನಂಥ ಕಲೆ ಅರಳುತ್ತದೆ. ಬಿಟ್ಟುಬಿಡಿ.

ಒಣಗಿದೆಯೇ ಎಂದು ನೋಡಲು ಬೆರಳ ತುದಿ ಬೇಡ, ಎಣ್ಣೆ ತಾಗುತ್ತದೆ. ಅಂಗೈ ಹಿಂಬದಿ ಹತ್ತಿರ ಹಿಡಿಯಿರಿ. ತಣ್ಣಗಿದ್ದರೆ ಇನ್ನೂ ಒದ್ದೆ.

ಈಗ ಬೆಟ್ಟದ ಕೆಸರು. ಕಾರಣ ಒಂದೇ: ಕೆಂಪು ಬೆಟ್ಟ ಅಂದುಕೊಂಡು ಲೈಟ್ ರೆಡ್ ಅಥವಾ ಸಿಯೆನ್ನಾಗೆ ಅಲ್ಟ್ರಾಮರೀನ್ ಸೇರಿಸುತ್ತೀರಿ. ಕಿತ್ತಳೆ ಕಡೆ ವಾಲುವ ಕೆಂಪು ಮತ್ತು ನೀಲಿ ಪರಸ್ಪರ ವಿರೋಧಿಗಳು, ಬೆರೆತರೆ ಬೂದಿ. ನೇರಳೆ ಬೇಕಾದರೆ ನೀಲಿ ಕಡೆ ವಾಲುವ ಕೆಂಪು ಬೇಕು, ಅಂದರೆ ರೋಸ್. ರೋಸ್ ಒಂದು ಪಾಲು, ಅಲ್ಟ್ರಾಮರೀನ್ ಎರಡು ಪಾಲು. ಮೂರನೇ ಬಣ್ಣ ತಟ್ಟೆಯ ಹತ್ತಿರವೂ ಬರಬಾರದು.

ಹಾಗಂತ ಬೆಟ್ಟವನ್ನೆಲ್ಲ ನೇರಳೆಯಲ್ಲಿ ಅದ್ದಬೇಡಿ. ಮೊದಲು ಇಡೀ ಬೆಟ್ಟಕ್ಕೆ ಲೈಟ್ ರೆಡ್ ಜೊತೆ ಚೂರು ರೋಸ್, ಚಹಾದಷ್ಟು ತೆಳು. ಪೂರ್ತಿ ಒಣಗಲಿ. ಆಮೇಲೆ ನೆರಳು ಬೀಳುವ ಕೊರಕಲುಗಳಲ್ಲಿ ಮಾತ್ರ ಆ ನೇರಳೆ, ಮೇಲಿನಿಂದ ಕೆಳಕ್ಕೆ ಎಳೆದ ಸಣ್ಣ ಗೀಟುಗಳಾಗಿ. ಬಿಸಿಲಿನ ಮುಖ ಮೊದಲ ಪದರದಲ್ಲೇ ಉಳಿಯಲಿ. ಬೆಟ್ಟದ ಬುಡಕ್ಕೆ ಬರುವಾಗ ಶುದ್ಧ ನೀರಿನ ಬ್ರಷ್‌ನಿಂದ ತೇಲಿಸಿ, ದೂಳಿನ ಮಬ್ಬು ಬರುತ್ತದೆ. ಎರಡು ಪದರ, ಬಹಳವಾದರೆ ಮೂರು.

ನಡುವಿನ ಬಯಲಲ್ಲಿ ಹಸಿರು ಹುಡುಕಬೇಡಿ. ಅಲ್ಲಿರುವುದು ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲಿನ ಗುಪ್ಪೆ. ಓಕರ್‌ಗೆ ಒಂದು ಹನಿ ಕೋಬಾಲ್ಟ್, ಬ್ರಷ್ ಬಟ್ಟೆಗೆ ಒರೆಸಿ ಒಣಕಲಾಗಿ ಸವರಿದರೆ ಕಾಗದದ ಉಬ್ಬುಗಳೇ ಹುಲ್ಲಾಗುತ್ತವೆ.

ಕೊನೆಗೆ ಕಾಂಡ. ಅಲ್ಟ್ರಾಮರೀನ್‌ಗೆ ಸಾಸಿವೆಯಷ್ಟು ಬರ್ನ್ಟ್ ಸಿಯೆನ್ನಾ. ಮೇಲೆ ವಿರೋಧಿಗಳು ಅಂದೆನಲ್ಲ, ಇಲ್ಲಿ ಆ ಬೂದಿಯೇ ಬೇಕು. ಬಣ್ಣ ಒಂದಾದರೆ ನೀರು ಹತ್ತು. ನೆರಳಿನ ಪಕ್ಕದ ಅಂಚಿಗೆ ಅಂಟಿಸಬೇಡಿ, ಎರಡು ಮಿ.ಮೀ. ಒಳಗೆ ಎಳೆದು ಬಿಸಿಲಿನ ಕಡೆಗೆ ನೀರಿನ ಬ್ರಷ್‌ನಿಂದ ಮೆತ್ತಗೆ ಮಾಡಿ. ಆ ಎರಡು ಮಿ.ಮೀ. ಉಳಿದ ತೆಳು ಪಟ್ಟಿಯಿಂದಲೇ ಕಾಂಡ ಗುಂಡಗಾಗುತ್ತದೆ, ಸುತ್ತಲ ನೆಲದ ಬೆಳಕು ಅಲ್ಲಿಗೆ ಬಡಿದು ವಾಪಸ್ ಬರುವುದರಿಂದ. ಕೆಂಪು ಮಣ್ಣಿನ ಊರು ಅದು, ಹಾಗಾಗಿ ಬುಡದ ಹತ್ತಿರದ ನೆರಳಿಗೆ ಲೈಟ್ ರೆಡ್ ಛಾಯೆ ಸೇರಿಸಲೇಬೇಕು. ಮರ ನೆಲಕ್ಕೆ ಊರುವುದು ಆಗ.

ಇಷ್ಟಾದರೂ ಹೊಳೆಯದಿದ್ದರೆ ತಪ್ಪು ಕಾಂಡದಲ್ಲಿಲ್ಲ, ಹಿಂದೆ ಇದೆ. ತೆಳು ಆಕಾಶದ ಮುಂದೆ ಬಿಳಿ ಎಂದೂ ಹೊಳೆಯುವುದಿಲ್ಲ. ಬಿಸಿಲಿನ ಅಂಚಿನ ಪಕ್ಕದಲ್ಲೇ ಬೆಟ್ಟವೋ ಪೊದೆಯೋ ಬರುವ ಹಾಗೆ ಮರವನ್ನು ನಿಲ್ಲಿಸಿ, ಅಲ್ಲಿ ಒಂದು ಪದರ ಹೆಚ್ಚು ಕೊಡಿ. ಫೋನಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

—

ಕೆರೆಏರಿ:

ಬಹಳ ಉಪಕಾರ ಸರ್. ಕಾಂಡಕ್ಕೆ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಹಚ್ಚಿ ಆಮೇಲೆ ಕೀಳುವ ರಬ್ಬರ್ ದ್ರವ) ಹಚ್ಚಿಬಿಟ್ಟರೆ ಆಕಾಶವನ್ನು ಎರಡು ತುಂಡು ಮಾಡುವ ಕಷ್ಟ ತಪ್ಪುವುದಿಲ್ಲವೆ?

—

ನೀರುಬಣ್ಣ:

ತಪ್ಪುತ್ತದೆ, ಇನ್ನೊಂದು ಕಷ್ಟ ಬರುತ್ತದೆ. ಅದನ್ನು ಕಿತ್ತ ಮೇಲೆ ಎರಡೂ ಅಂಚು ಕತ್ತರಿಯಿಂದ ಕತ್ತರಿಸಿದ ಹಾಗೆ ಚೂಪಾಗಿರುತ್ತವೆ, ಕಾಗದ ಅಂಟಿಸಿದ ಮರ. ಸಣ್ಣ ರೆಂಬೆಗಳಿಗೆ ಬೇಕಾದರೆ ಬಳಸಿ. ಹಚ್ಚುವ ಮುಂಚೆ ಬ್ರಷ್‌ಗೆ ಸೋಪು ಸವರಿಕೊಳ್ಳಿ, ಇಲ್ಲದಿದ್ದರೆ ಬ್ರಷ್ ಅಲ್ಲಿಗೇ ಮುಗಿಯಿತು. ಅದೇ ದಿನ ಕೀಳಬೇಕು. ರಾತ್ರಿ ಬಿಟ್ಟರೆ, ಅದರಲ್ಲೂ ಬೇಸಿಗೆಯಲ್ಲಿ, ಕಾಗದದ ಚರ್ಮ ಸಮೇತ ಎದ್ದುಬರುತ್ತದೆ. ಹೇರ್ ಡ್ರೈಯರ್ ಅಂತೂ ತೋರಿಸಲೇಬಾರದು.

—

ತುಂಗಾತೀರ:

‘ನೀರುಬಣ್ಣ’ ಅವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ, ಒಂದು ಸ್ವಲ್ಪ ತಕರಾರಿನದು.

ನೇರಳೆಗೆ ರೋಸ್ ಎಂದರೆ ಅಂಗಡಿಯವರು ಅಲಿಜರಿನ್ ಕ್ರಿಮ್ಸನ್ ಕೊಟ್ಟಾರು, ತೆಗೆದುಕೊಳ್ಳಬೇಡಿ. ಬೆಳಕಿಗೆ ಅದು ನಿಲ್ಲುವುದಿಲ್ಲ. ನೇರಳೆಯೊಳಗಿನ ಕೆಂಪು ಹಾರಿಹೋಗಿ ಕೆಲವು ವರ್ಷದಲ್ಲಿ ಬೆಟ್ಟ ನೀಲಿಗೆ ತಿರುಗುತ್ತದೆ. ಟ್ಯೂಬ್ ಮೇಲೆ ಪಿವಿ 19 ಎಂಬ ಸಂಕೇತ ಇದೆಯೇ ನೋಡಿ. ಪಿಆರ್ 83 ಇದ್ದರೆ ವಾಪಸ್ ಇಡಿ.

ತಕರಾರು ಮಬ್ಬಿನ ಬಗ್ಗೆ. ಬುಡಕ್ಕೆ ನೀರು ಹಾಕಿ ತೇಲಿಸುವುದು ಇಂಗ್ಲಿಷ್ ಜಲವರ್ಣದ ಅಭ್ಯಾಸ, ಒದ್ದೆ ಹವೆಯ ದೇಶದ್ದು. ಮಧ್ಯ ಆಸ್ಟ್ರೇಲಿಯಾದ ಗಾಳಿ ಒಣ. ಬಹಳ ದೂರದ ಬೆಟ್ಟದ ಮಡಿಕೆಯೂ ಅಲ್ಲಿ ಚೊಕ್ಕ ಕಾಣುತ್ತದೆ. ನಮಟ್ಜೀರಾ ದೂರವನ್ನು ತೋರಿಸುವುದು ಅಂಚನ್ನು ಮಬ್ಬು ಮಾಡಿ ಅಲ್ಲ, ಬಣ್ಣ ಬದಲಿಸಿ: ಹತ್ತಿರ ಕಿತ್ತಳೆ, ನಡುವೆ ಗುಲಾಬಿ, ಆಚೆ ನೇರಳೆ, ಅದರಾಚೆ ನೀಲಿ. ಹಾಗಾಗಿ ಮೌಂಟ್ ಸೋಂಡರ್‌ನಂಥ ಬೆಟ್ಟ (1,380 ಮೀಟರ್, ಅಲ್ಲಿಯವರ ಮಾತಲ್ಲಿ ರುಟ್ಯೀಪ್ಮ) ಬರೆಯುವಾಗ ನೆತ್ತಿಯ ಗೆರೆ ಒಣಗಿದ ಕಾಗದದ ಮೇಲೆ ಚೂಪಾಗಿಯೇ ಬರಲಿ.

ಆ ಬಣ್ಣ ಕಟ್ಟುಕತೆಯಲ್ಲ ಅನ್ನುವುದನ್ನೂ ಟಿಪ್ಪಣಿಗೆ ಸೇರಿಸಿ. ಬೆಟ್ಟಸಾಲಿನ ಬೆನ್ನೆಲುಬು ಕ್ವಾರ್ಟ್ಜೈಟ್ ಕಲ್ಲು, ಮೈಮೇಲೆ ಕಬ್ಬಿಣದ ಆಕ್ಸೈಡ್‌ನ ಕೆಂಪು. ನಡುವಿನ ಗಾಳಿ ಚೆದುರಿಸುವ ನೀಲಿ ಬೆಳಕು ಆ ಕೆಂಪಿನ ಮೇಲೆ ಬಂದು ಕೂತಾಗ ಕಣ್ಣಿಗೆ ನೇರಳೆ. ಬೆಳಗ್ಗೆ ಸಂಜೆ ಓರೆ ಬಿಸಿಲಲ್ಲಿ ಇದು ಹೆಚ್ಚು. ಕಡಲತೀರದ ನಗರಗಳಲ್ಲಿ ಕೂತವರು ‘ಬಣ್ಣ ಅತಿಯಾಯಿತು’ ಅನ್ನುತ್ತಿದ್ದರು. ಅಲ್ಲಿಗೆ ಹೋಗಿ ಬಂದವರು ಅನ್ನಲಿಲ್ಲ.

ಇನ್ನೊಂದು ಆರೋಪ, ‘ಬಿಳಿಯರ ಶೈಲಿಯ ನಕಲು, ಇದರಲ್ಲಿ ಮೂಲನಿವಾಸಿತನ ಎಲ್ಲಿದೆ’ ಎಂಬುದು. ವಿಮರ್ಶಕರು ದಶಕಗಳ ಕಾಲ ಇದನ್ನೇ ಹೇಳಿದರು. ನಮಟ್ಜೀರಾ ಮತ್ತೆ ಮತ್ತೆ ಬರೆದದ್ದು ಯಾವ ಜಾಗಗಳನ್ನು ಎಂದು ಪಟ್ಟಿ ಮಾಡಿ: ಪಾಮ್ ವ್ಯಾಲಿ, ಗ್ಲೆನ್ ಹೆಲೆನ್, ಆರ್ಮಿಸ್ಟನ್, ಮೌಂಟ್ ಸೋಂಡರ್, ಹಾಸ್ಟ್ಸ್ ಬ್ಲಫ್. ತಮ್ಮ ಜನರ ಪೂರ್ವಿಕರು ನಡೆದಾಡಿದ ನೆಲ ಅದು. ಪವಿತ್ರ ಚಿಹ್ನೆಗಳನ್ನು ಪರರಿಗೆ ತೋರಿಸುವಂತಿಲ್ಲ, ಆದರೆ ಆ ನೆಲದ ಮುಖವನ್ನು ತೋರಿಸಬಹುದು. ಹೆಚ್ಚಿನ ಚಿತ್ರಗಳಲ್ಲಿ ಒಬ್ಬ ಮನುಷ್ಯನೂ ಇಲ್ಲದೆ ಬೆಟ್ಟ, ಮರಗಳೇ ಪಾತ್ರಗಳಂತೆ ಎದ್ದುನಿಲ್ಲುವುದಕ್ಕೆ ನನಗೆ ಬೇರೆ ವಿವರಣೆ ಹೊಳೆಯುವುದಿಲ್ಲ. 2002ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ದೊಡ್ಡ ಪ್ರದರ್ಶನ ಮಾಡಿದ ಹೊತ್ತಿಗೆ ಈ ಓದು ಗಟ್ಟಿಯಾಗಿತ್ತು.

—

ಹಳೇಕಾಗದ:

ಪೌರತ್ವದ ವಾಕ್ಯ ದಯವಿಟ್ಟು ಹಾಗೇ ಅಚ್ಚು ಹಾಕಬೇಡಿ. ಎಲ್ಲ ಕಡೆ ಇದೆ, ಎಲ್ಲ ಕಡೆ ಸಡಿಲ.

ಆಸ್ಟ್ರೇಲಿಯಾದ ಪೌರತ್ವ ಕಾಯ್ದೆ 1948ರದು, ಜಾರಿಯಾದದ್ದು 1949ರ ಜನವರಿ 26ರಂದು. ಕಾಗದದ ಮೇಲೆ ಮೂಲನಿವಾಸಿಗಳೂ ಅಂದಿನಿಂದ ಪೌರರೇ. ಹಕ್ಕು ಕಿತ್ತುಕೊಂಡದ್ದು ಬೇರೆ ಕಾನೂನುಗಳು. ಹರ್ಮನ್ಸ್‌ಬರ್ಗ್ ಇರುವ ನಾರ್ದರ್ನ್ ಟೆರಿಟರಿ ಪ್ರಾಂತದಲ್ಲಿ 1953ರ ವೆಲ್ಫೇರ್ ಆರ್ಡಿನೆನ್ಸ್ ಬಂತು, ಜಾರಿಯಾದದ್ದು 1957ರಲ್ಲಿ. ಅದರ ಪ್ರಕಾರ ಹೆಸರು ಪಟ್ಟಿ ಮಾಡಿ ಬಹುತೇಕ ಎಲ್ಲ ಮೂಲನಿವಾಸಿಗಳನ್ನೂ ಸರ್ಕಾರದ ‘ವಾರ್ಡ್’, ಅಂದರೆ ಪೋಷಣೆಯಲ್ಲಿರುವ ಅಪ್ರಾಪ್ತರಂತೆ ಘೋಷಿಸಿದರು. ಆ ಪಟ್ಟಿಗೆ ಜನ ಇಟ್ಟ ಅಡ್ಡಹೆಸರು ‘ಸ್ಟಡ್ ಬುಕ್’, ತಳಿ ಕುದುರೆಗಳ ವಂಶಾವಳಿ ಪುಸ್ತಕ! ನಮಟ್ಜೀರಾ ಮತ್ತು ಹೆಂಡತಿ ರುಬೀನಾ ಅವರ ಹೆಸರನ್ನು ಅದರಲ್ಲಿ ಸೇರಿಸಲಿಲ್ಲ. ಆಗಿದ್ದು ಇಷ್ಟೇ. ಸೇರಿಸದ ಕಾರಣ ಅವರು ಮತ ಹಾಕಬಹುದು, ಮದ್ಯ ಕೊಳ್ಳಬಹುದು. ಮಕ್ಕಳು, ಬಂಧುಗಳು ಮಾತ್ರ ವಾರ್ಡ್‌ಗಳಾಗಿಯೇ ಉಳಿದರು. ನೀವು ಬರೆಯುವುದಾದರೆ, ‘1957ರಲ್ಲಿ ವಾರ್ಡ್ ಪಟ್ಟಿಯಿಂದ ಹೊರಗುಳಿದ ಕೆಲವೇ ಜನರಲ್ಲಿ ಒಬ್ಬರು’ ಎಂದು ಬರೆಯಿರಿ.

ಇದರ ಹಿಂದುಮುಂದು ತಿಳಿಸದಿದ್ದರೆ ಅದು ಸನ್ಮಾನದ ಸುದ್ದಿಯಂತೆ ಕಾಣುತ್ತದೆ. 1953ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕದ ಪದಕ, 1954ರಲ್ಲಿ ಕ್ಯಾನ್‌ಬೆರಾದಲ್ಲಿ ರಾಣಿಯ ಭೇಟಿ. 1956ರ ಆರ್ಚಿಬಾಲ್ಡ್ ಪ್ರಶಸ್ತಿ, ಅಂದರೆ ಅಲ್ಲಿಯ ಹೆಸರಾಂತ ಭಾವಚಿತ್ರ ಪ್ರಶಸ್ತಿ, ಬಂದದ್ದು ವಿಲಿಯಂ ಡಾರ್ಗಿ ಬರೆದ ನಮಟ್ಜೀರಾ ಭಾವಚಿತ್ರಕ್ಕೆ. ಆದಾಯ ತೆರಿಗೆಯನ್ನೂ ಕಟ್ಟುತ್ತಿದ್ದರು. ಅದೇ ಮನುಷ್ಯ ದನ ಮೇಯಿಸಲು ಗುತ್ತಿಗೆ ಜಮೀನು ಕೇಳಿದಾಗ ಇಲ್ಲ ಎಂದರು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟಲು ನಿವೇಶನ ಕೇಳಿದಾಗಲೂ ಇಲ್ಲ. ಹರ್ಮನ್ಸ್‌ಬರ್ಗ್ ಹತ್ತಿರ 1944ರಲ್ಲಿ ಸ್ವತಃ ಕಟ್ಟಿಕೊಂಡ ಎರಡು ಕೋಣೆಯ ಕಲ್ಲಿನ ಮನೆ ಇವತ್ತೂ ಇದೆ. ಪಟ್ಟಣದಲ್ಲಿ ಮಾತ್ರ ಅವರ ವಾಸ ಹೊರವಲಯದ ಮಾರಿಸ್ ಸೋಕ್ ಎಂಬ ಬಿಡಾರದಲ್ಲಿ.

1958ರಲ್ಲಿ ಆದದ್ದು ಈ ಪಟ್ಟಿಯ ನೇರ ಫಲ. ಅರಂಡರ ಕಟ್ಟಳೆಯಂತೆ ಉಳ್ಳವನು ಬಂಧುಗಳ ಜೊತೆ ಹಂಚಿಕೊಳ್ಳಲೇಬೇಕು. ಟೆರಿಟರಿಯ ಕಾನೂನಿನಲ್ಲಿ ವಾರ್ಡ್‌ಗೆ ಮದ್ಯ ಕೊಟ್ಟರೆ ಅಪರಾಧ. ಹೆನಕ್ ರಬೆರಾಬ ಎಂಬ ಬಂಧು, ಅವನೂ ಚಿತ್ರಕಾರ, ವಾರ್ಡ್. ಅವನಿಗೆ ಮದ್ಯ ಒದಗಿಸಿದ ಆರೋಪದ ಮೇಲೆ 6 ತಿಂಗಳ ಶಿಕ್ಷೆಯಾಯಿತು. ದೇಶದ ತುಂಬ ಗದ್ದಲವಾಯಿತು. ಮೇಲ್ಮನವಿಯಲ್ಲಿ 3 ತಿಂಗಳಿಗೆ ಇಳಿಯಿತು, ಹೈಕೋರ್ಟ್ (ಆ ದೇಶದ ಅತ್ಯುನ್ನತ ನ್ಯಾಯಾಲಯ) ಕೇಳಲು ಒಪ್ಪಲಿಲ್ಲ. 1959ರಲ್ಲಿ ಪಪುನ್ಯಾದ ಮೀಸಲು ವಸತಿಯಲ್ಲಿ ಸುಮಾರು ಎರಡು ತಿಂಗಳು ಕಳೆದು ಹೊರಬಂದರು. ಆಗಸ್ಟ್ 8ರಂದು ಆಲಿಸ್ ಸ್ಪ್ರಿಂಗ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡರು, ಹೃದಯದ ಕಾಯಿಲೆ, ಜೊತೆಗೆ ನ್ಯುಮೋನಿಯಾ. 57 ವರ್ಷ.

ಅದೇ ಪಪುನ್ಯಾದಲ್ಲಿ 1971ರಲ್ಲಿ ಚುಕ್ಕಿ ಚಿತ್ರಗಳ ಚಳವಳಿ ಶುರುವಾಯಿತು. ಇಂದು ‘ಮೂಲನಿವಾಸಿ ಕಲೆ’ ಎಂದರೆ ಜನಕ್ಕೆ ಕಣ್ಣಮುಂದೆ ಬರುವುದು ಆ ಚುಕ್ಕಿಗಳೇ. 2020ರಲ್ಲಿ ಆರ್ಚಿಬಾಲ್ಡ್ ಗೆದ್ದ ಮೊದಲ ಮೂಲನಿವಾಸಿ ಚಿತ್ರಕಾರ ವಿನ್ಸೆಂಟ್ ನಮಟ್ಜೀರಾ, ಇವರ ಮರಿಮಗ.

ಕೃತಿಸ್ವಾಮ್ಯದ ಪ್ರಶ್ನೆಗೂ ನಾನೇ ಉತ್ತರಿಸಿಬಿಡುತ್ತೇನೆ.

1957ರಲ್ಲಿ ನಮಟ್ಜೀರಾ ಸಿಡ್ನಿಯ ಲೆಜೆಂಡ್ ಪ್ರೆಸ್ ಜೊತೆ ಒಪ್ಪಂದ ಮಾಡಿಕೊಂಡರು, ರಾಯಲ್ಟಿ ಶೇ. 12.5. ಅವರು ತೀರಿಕೊಂಡ ಮೇಲೆ ಆಸ್ತಿಯ ಉಸ್ತುವಾರಿ ಸರ್ಕಾರದ ಪಬ್ಲಿಕ್ ಟ್ರಸ್ಟಿ ಕಚೇರಿಗೆ ಬಂತು. 1983ರಲ್ಲಿ ಆ ಕಚೇರಿ ಪೂರ್ತಿ ಕೃತಿಸ್ವಾಮ್ಯವನ್ನೇ 8,500 ಡಾಲರ್‌ಗೆ ಅದೇ ಪ್ರಕಾಶಕರಿಗೆ ಮಾರಿತು. ಅಲ್ಲಿಂದ ಮುಂದೆ ಮೊಮ್ಮಕ್ಕಳಿಗೆ ಬಿಡಿಗಾಸಿಲ್ಲ. 2017ರ ಅಕ್ಟೋಬರ್‌ನಲ್ಲಿ, ಉದ್ಯಮಿ ಡಿಕ್ ಸ್ಮಿತ್ ಮಧ್ಯಸ್ಥಿಕೆ ಮತ್ತು ದೇಣಿಗೆಯಿಂದ, ಅದು ಕುಟುಂಬದ ನಮಟ್ಜೀರಾ ಲೆಗಸಿ ಟ್ರಸ್ಟ್‌ಗೆ ವಾಪಸಾಯಿತು.

ಅವಧಿ ಲೆಕ್ಕ: ಆಸ್ಟ್ರೇಲಿಯಾದಲ್ಲಿ ಕಲಾವಿದ ತೀರಿಕೊಂಡು 70 ವರ್ಷ, ಅಂದರೆ 2029ರ ಕೊನೆಯವರೆಗೆ. ಭಾರತದ ಕಾಯ್ದೆಯಲ್ಲಿ 60 ವರ್ಷ, ಮರಣದ ಮರುವರ್ಷದ ಮೊದಲ ದಿನದಿಂದ ಎಣಿಕೆ, ಹಾಗಾಗಿ 2019ರ ಕೊನೆಗೆ ಮುಗಿದಿದೆ. ಇಲ್ಲೇ ಅಚ್ಚಾಗಿ ಇಲ್ಲೇ ಹಂಚುವ ಸಂಚಿಕೆಗೆ ಕಾನೂನಿನ ತೊಡಕು ಕಾಣುವುದಿಲ್ಲ. ಪಿಡಿಎಫ್ ಮಾಡಿ ಜಾಲತಾಣಕ್ಕೆ ಏರಿಸಿದರೆ ಆಸ್ಟ್ರೇಲಿಯಾದಲ್ಲೂ ತೆರೆಯುತ್ತದೆ, ಅಲ್ಲಿ ಹಕ್ಕು ಜೀವಂತ. ಗ್ಯಾಲರಿಯ ತಾಣದಿಂದ ಫೋಟೋ ಇಳಿಸಿಕೊಂಡರೆ ಅವರ ಷರತ್ತು ಬೇರೆ. ನನ್ನ ಕೇಳಿದರೆ, ಕಾನೂನು ಏನೇ ಇರಲಿ, ಟ್ರಸ್ಟ್‌ಗೆ ಒಂದು ಇಮೇಲ್ ಹಾಕಿ: ಯಾವ ಚಿತ್ರ, ಯಾವ ಅಳತೆ, ಎಷ್ಟು ಪ್ರತಿ, ಮಾರಾಟಕ್ಕೋ ಉಚಿತವೋ, ಜಾಲದಲ್ಲಿ ಇರುತ್ತದೆಯೋ, ಈ ಐದು ವಿವರ ಕೊಟ್ಟು. ಇಷ್ಟೆಲ್ಲ ಓದಿದ ಮೇಲೆ ಕೇಳದೆ ಹಾಕಲು ಕೈ ಬರಬಾರದು.

ಮತ್ತೆ, ತೀರಿಕೊಂಡವರ ಹೆಸರು, ಫೋಟೋ ಬಳಸುವ ಬಗ್ಗೆ ಅಲ್ಲಿಯ ಅನೇಕ ಸಮುದಾಯಗಳಲ್ಲಿ ಕಟ್ಟುಪಾಡಿದೆ. ಪತ್ರಿಕೆಗಳು ಲೇಖನದ ಮೇಲೆ ಒಂದು ಸಾಲಿನ ಎಚ್ಚರಿಕೆ ಹಾಕುತ್ತವೆ. ಜಾಲಕ್ಕೆ ಏರಿಸುವುದಾದರೆ ನೀವೂ ಹಾಕಿ.

—

ಮೆಲ್ಬರ್ನ್‌ಮಳೆ:

ನಡುವೆ ಬಾಯಿ ಹಾಕುತ್ತಿದ್ದೇನೆ. ಇಲ್ಲಿ ಹಳೇ ಸಾಮಾನಿನ ಅಂಗಡಿಗಳಲ್ಲಿ ಚೌಕಟ್ಟು ಹಾಕಿದ ‘ನಮಟ್ಜೀರಾ’ಗಳು 20–30 ಡಾಲರ್‌ಗೆ ಸಿಗುತ್ತವೆ, ಸಹಿಯೂ ಇರುತ್ತದೆ. ಮೂಲವೋ ಅಚ್ಚೋ ಎಂದು ಮನೆಯಲ್ಲೇ ನೋಡುವುದು ಹೇಗೆ?

—

ಹಳೇಕಾಗದ:

ಆ ಬೆಲೆಗೆ ಸಿಗುವುದು ಹೆಚ್ಚುಪಾಲು ಅಚ್ಚೇ. 50–60ರ ದಶಕದಲ್ಲಿ ಆ ದೇಶದ ಅಸಂಖ್ಯ ನಡುಮನೆಗಳ ಗೋಡೆ ಏರಿದ್ದು ಆ ಪ್ರತಿಗಳು. ಸಹಿಯೂ ಚಿತ್ರದ ಜೊತೆಗೇ ಅಚ್ಚಾಗಿರುತ್ತದೆ, ಅದನ್ನು ನಂಬಬೇಡಿ. ತೀರಾ ಮೊದಲಿನ ಚಿತ್ರಗಳಲ್ಲಂತೂ ಬರೀ ‘ಆಲ್ಬರ್ಟ್’ ಎಂದಷ್ಟೇ ಇರುತ್ತಿತ್ತು.

ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಸಾಕು, ಒಡವೆ ಅಂಗಡಿಯವರು ಇಟ್ಟುಕೊಳ್ಳುವಂಥದ್ದು. ಆಕಾಶದ ತೆಳು ಭಾಗಕ್ಕೆ ಹಿಡಿಯಿರಿ. ನೀಲಿ, ಗುಲಾಬಿ, ಹಳದಿ ಚುಕ್ಕಿಗಳು ಸಾಲಾಗಿ ಅಥವಾ ಸಣ್ಣ ಹೂವಿನಾಕಾರದಲ್ಲಿ ಕಂಡರೆ ಅಚ್ಚು, ಮುಂದೆ ನೋಡುವ ಅಗತ್ಯವಿಲ್ಲ. ಮೂಲವಾದರೆ ಚುಕ್ಕಿ ಇರುವುದಿಲ್ಲ. ಬಣ್ಣದ ಹರಳು ಕಾಗದದ ತಗ್ಗುಗಳಲ್ಲಿ ಗಸಿಯಂತೆ ಕೂತಿರುತ್ತದೆ, ವಾಷ್ ನಿಂತ ಕಡೆ ಅಂಚು ಒಂದು ಗೆರೆಯಷ್ಟು ದಟ್ಟವಾಗಿರುತ್ತದೆ. ಬಿಳಿ ಕಾಂಡದ ಅಂಚಿನಲ್ಲಿ ಪೆನ್ಸಿಲ್ ಹೊಳಪು ಸಿಗಬಹುದು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿ.

ಚುಕ್ಕಿ ಇಲ್ಲ ಎಂದ ಮಾತ್ರಕ್ಕೆ ಅವರದೇ ಎಂದಲ್ಲ. ಮಕ್ಕಳು, ಬಂಧುಗಳು ಬರೆದದ್ದೂ ಇವೆ, ಖೋಟಾಗಳೂ ಇವೆ. ಅಲ್ಲಿಗೆ ನಿಲ್ಲಿಸಿ ಹರಾಜು ಸಂಸ್ಥೆಯ ತಜ್ಞರಿಗೆ ತೋರಿಸಿ. ಚೌಕಟ್ಟಿನ ಹಿಂಬದಿಯ ಹಳೇ ಚೀಟಿ, ರಸೀದಿ, ಗ್ಯಾಲರಿ ಮೊಹರು ಏನಿದ್ದರೂ ಕೀಳಬೇಡಿ, ಗುರುತು ಹಿಡಿಯಲು ಅದೇ ಆಧಾರ. ನಿಜವಾದದ್ದೇ ಆಗಿ ಮುಂದೆ ಡೀಲರ್ ಮೂಲಕವೋ ಹರಾಜಿನಲ್ಲೋ 1,000 ಡಾಲರ್ ಮೇಲ್ಪಟ್ಟು ಮರುಮಾರಾಟವಾದರೆ, 2010ರಿಂದ ಜಾರಿಯಲ್ಲಿರುವ ಕಾನೂನಿನಂತೆ ಶೇ. 5 ಕಲಾವಿದರ ವಾರಸುದಾರರಿಗೆ ಸಲ್ಲಬೇಕಾಗಬಹುದು, ಅದನ್ನೂ ವಿಚಾರಿಸಿಕೊಳ್ಳಿ.

ಅಲ್ಲಿಯವರೆಗೆ ಕಿಟಕಿಯ ಎದುರು ಗೋಡೆಗೆ ಹಾಕಬೇಡಿ. ಜಲವರ್ಣಕ್ಕೆ ವಸ್ತುಸಂಗ್ರಹಾಲಯಗಳು ಇಡುವ ಬೆಳಕು 50 ಲಕ್ಸ್, ನಮ್ಮ ನಡುಮನೆಯ ಹಗಲು ಬೆಳಕು ಅದರ ಎಷ್ಟೋ ಪಟ್ಟು. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ 3–4 ಮಿ.ಮೀ. ಮೌಂಟ್ ಇರಲಿ, ಅದೂ ಆಮ್ಲವಿಲ್ಲದ ರಟ್ಟಿನದು. ಹಳೇ ರಟ್ಟಿನ ಕತ್ತರಿಸಿದ ಅಂಚು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಚಿತ್ರವನ್ನೂ ಸುಡುತ್ತಿದೆ ಎಂದರ್ಥ.

—

ಕೆರೆಏರಿ:

ಎಲ್ಲರಿಗೂ ಧನ್ಯವಾದ. ಪೌರತ್ವದ ಸಾಲು ತೆಗೆದೆ, ಟ್ರಸ್ಟ್‌ಗೆ ಬರೆಯುತ್ತೇನೆ. ಕೊನೆಯದೊಂದು: ನಮ್ಮ ಪ್ರಾತ್ಯಕ್ಷಿಕೆ ಜುಲೈನಲ್ಲಿ, ಮಂಗಳೂರಿನಲ್ಲಿ. ಪದರದ ನಡುವೆ ಒಣಗುವುದಕ್ಕೆ ಎಷ್ಟು ಹೊತ್ತು ಲೆಕ್ಕ ಹಿಡಿಯಲಿ?

—

ನೀರುಬಣ್ಣ:

ಮಂಗಳೂರಿನ ಜುಲೈ ಎಂದರೆ ನಮಟ್ಜೀರಾ ಕೂತು ಬರೆದ ಹವೆಗೆ ಪೂರ್ತಿ ಉಲ್ಟಾ. ಅಲ್ಲಿ ವಾಷ್ ಮುಗಿಸುವ ಮೊದಲೇ ಒಣಗುವ ಭಯ, ನಿಮಗೆ ಒಣಗದ ಭಯ. ಫ್ಯಾನ್ ಕೆಳಗೆ ಒಂದು ಪದರಕ್ಕೆ 25–30 ನಿಮಿಷ ಹಿಡಿಯಿರಿ. ಹೇರ್ ಡ್ರೈಯರ್ ಬಳಸುವುದಾದರೆ ನೀರಿನ ಮಿನುಗು ಹೋದ ಮೇಲೆ, ಒಂದು ಮೊಳ ದೂರದಿಂದ, ಕಡಿಮೆ ಬಿಸಿಯಲ್ಲಿ. ಮೊದಲೇ ಬಿಟ್ಟರೆ ಗಾಳಿ ಬಣ್ಣವನ್ನು ಕಾಂಡದೊಳಕ್ಕೆ ತಳ್ಳುತ್ತದೆ. ಸಭೆಯ ಮುಂದೆ ಕಾಯಲು ಆಗುವುದಿಲ್ಲವಾದ್ದರಿಂದ ಮೂರು ಹಲಗೆ ಸಿದ್ಧವಿಟ್ಟುಕೊಳ್ಳಿ: ಒಂದರಲ್ಲಿ ಪೆನ್ಸಿಲ್ ಮಾತ್ರ, ಒಂದರಲ್ಲಿ ಆಕಾಶ ಮತ್ತು ಬೆಟ್ಟದ ಮೊದಲ ಪದರ, ಮೂರನೆಯದರಲ್ಲಿ ಕಾಂಡದ ನೆರಳೊಂದು ಬಿಟ್ಟು ಎಲ್ಲ. ಕಾಗದದ ಕಟ್ಟನ್ನು ಹಿಂದಿನ ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ, ತೇವ ಕುಡಿದ ಕಾಗದದ ಮೇಲೆ ಚೂಪು ಅಂಚು ಬರುವುದೇ ಇಲ್ಲ.